ಸೇತುವೆಗೆ ಹೊಣೆ ಯಾರು?

ಕನ್ನಡ ಪಾಠ ಹೇಳುವವನಿಗೆ ಕಬ್ಬಿಣದ ಸೇತುವೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ತೊಲೆ ಎಷ್ಟು ಭಾರ ತಾಳೀತು, ಕಂಬ ಎಷ್ಟು ದಪ್ಪವಿರಬೇಕು ಎಂಬ ಲೆಕ್ಕ ನನ್ನ ವಿದ್ಯೆಯಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಒಂದು ಮಾತು; 'ಹೊಣೆ' ಎಂಬ ನಮ್ಮ ಹಳೆಯ ಮಾತು. ಇಂದು ಅದನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. 'ಅದಕ್ಕೆ ನಾನು ಹೊಣೆಯಲ್ಲ' ಎಂದರೆ 'ನನ್ನನ್ನು ಬೈಯಬೇಡಿ' ಎನ್ನುವಷ್ಟೇ ಅರ್ಥ. ಹಳಗನ್ನಡದ 'ಪೊಣೆ'ಗೆ ಇನ್ನೂ ಗಟ್ಟಿಯಾದ ಅರ್ಥವಿತ್ತು. ಅದು ಜಾಮೀನು. ಒಬ್ಬನಿಗೆ ಇನ್ನೊಬ್ಬನು ಹೊಣೆ ನಿಂತನೆಂದರೆ, ಅವನು ತಪ್ಪಿದಾಗ ಇವನು ತೆರಬೇಕು.

ಈ ಹಳೆಯ ಅರ್ಥದಲ್ಲಿ ಒಂದು ಸೇತುವೆಗೆ, ಒಂದು ಅಣೆಕಟ್ಟಿಗೆ, ಮಕ್ಕಳು ಕುಳಿತು ಓದುವ ಒಂದು ಕಟ್ಟಡಕ್ಕೆ ಹೊಣೆ ನಿಲ್ಲುವವರು ಯಾರು? ಈ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಾಗ 1907ನೆಯ ಇಸವಿಯ ಆಗಸ್ಟ್ ತಿಂಗಳು ನನ್ನ ಕಣ್ಣಿಗೆ ಬಿತ್ತು. ಆ ತಿಂಗಳಲ್ಲಿ ಉತ್ತರ ಅಮೆರಿಕ ಖಂಡದಲ್ಲಿ ಎರಡು ಸಂಗತಿಗಳು ನಡೆದವು. ಒಂದು ಯಾರ ಗಮನಕ್ಕೂ ಬಾರದ ಕಚೇರಿಯ ಕೆಲಸ. ಇನ್ನೊಂದು ಲೋಕವೇ ಬೆಚ್ಚಿದ ಅನಾಹುತ. ಎರಡಕ್ಕೂ ನಡುವೆ ಇದ್ದುದು ಮೂರೇ ವಾರ.

ಮೊದಲನೆಯದು ನಡೆದದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಯೋಮಿಂಗ್ ರಾಜ್ಯದಲ್ಲಿ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ನೀರೇ ಆಸ್ತಿ. ನದಿಯಿಂದ ಕಾಲುವೆ ತೆಗೆಯಬೇಕೆಂದರೆ ಸರ್ಕಾರದ ಇಂಜಿನಿಯರಿಗೆ ನಕ್ಷೆ ಸಮೇತ ಅರ್ಜಿ ಕೊಡಬೇಕು. ಆಗ ಆ ಹುದ್ದೆಯಲ್ಲಿದ್ದವರು ಕ್ಲಾರೆನ್ಸ್ ಜಾನ್‌ಸ್ಟನ್. ಬಂದ ನಕ್ಷೆಗಳನ್ನು ನೋಡಿದರೆ ಬರೆದವರು ವಕೀಲರು, ದಸ್ತಾವೇಜು ಬರೆಯುವವರು, ಇನ್ನು ಯಾರು ಯಾರೋ. ಎಲ್ಲರೂ 'ಇಂಜಿನಿಯರ್' ಎಂದು ತಮ್ಮ ಹೆಸರಿನ ಕೆಳಗೆ ಬರೆದುಕೊಂಡವರೇ. ತಪ್ಪು ನಕ್ಷೆಯಿಂದ ಒಬ್ಬನ ಹೊಲದ ನೀರು ಇನ್ನೊಬ್ಬನ ಪಾಲಾಗುವುದು ಎಷ್ಟರ ಮಾತು? ಜಾನ್‌ಸ್ಟನ್ನರ ಪ್ರಯತ್ನದಿಂದ 1907ರಲ್ಲಿ ಅಲ್ಲಿ ಒಂದು ಕಾಯಿದೆ ಬಂತು. ಪರೀಕ್ಷೆ ಮಾಡಿ ಪರವಾನಗಿ ಪಡೆದವರು ಮಾತ್ರ ಇಂಜಿನಿಯರರೆಂದು ಸಹಿ ಹಾಕಬೇಕು ಎಂದು ಅದು ವಿಧಿಸಿತು. ಆಗಸ್ಟ್ 8ರಂದು ಚಾರ್ಲ್ಸ್ ಬೆಲ್ಲಮಿ ಎಂಬವರಿಗೆ ಮೊದಲನೆಯ ಸಂಖ್ಯೆಯ ಪರವಾನಗಿ ದೊರೆಯಿತು. ಆ ದೇಶದಲ್ಲಿ ಕಾನೂನಿನ ಪ್ರಕಾರ ಇಂಜಿನಿಯರೆನಿಸಿಕೊಂಡವರಲ್ಲಿ ಅವರೇ ಮೊದಲಿಗರು.

ಎರಡನೆಯ ಸಂಗತಿ ಕೆನಡಾ ದೇಶದ್ದು. ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ಮಹಾನದಿಗೆ ರೈಲು ಸೇತುವೆ ಕಟ್ಟುವುದು ಆ ಸೀಮೆಯ ಜನರ ಬಹುದಿನದ ಕನಸು. ಅದಕ್ಕೆಂದೇ ಒಂದು ಕಂಪನಿ ಹುಟ್ಟಿತ್ತು. 1900ರಲ್ಲಿ ಅದು ನ್ಯೂಯಾರ್ಕಿನ ಥಿಯೊಡೋರ್ ಕೂಪರ್ ಎಂಬವರನ್ನು ಸಲಹೆಗಾರ ಇಂಜಿನಿಯರನ್ನಾಗಿ ನೇಮಿಸಿಕೊಂಡಿತು. ಸೇತುವೆಗಳ ವಿಷಯದಲ್ಲಿ ಕೂಪರರ ಮಾತೆಂದರೆ ಆ ಖಂಡದಲ್ಲಿ ವೇದವಾಕ್ಯ. ಉಕ್ಕಿನ ಕೆಲಸ ವಹಿಸಿಕೊಂಡದ್ದು ಪೆನ್ಸಿಲ್ವೇನಿಯದ ಫೀನಿಕ್ಸ್ ಕಂಪನಿ.

ಸೇತುವೆಯ ರೀತಿಯನ್ನು ನನ್ನಂಥವನೂ ತಿಳಿಯುವಂತೆ ಹೇಳುವುದಾದರೆ ಹೀಗೆ. ನಮ್ಮ ಮನೆಯ ಸಜ್ಜ ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತದಷ್ಟೆ? ಹಾಗೆಯೇ ನದಿಯಲ್ಲಿ ಎದುರುಬದುರಾಗಿ ನಿಂತ ಎರಡು ಕಲ್ಲುಗಂಬಗಳ ಮೇಲಿನಿಂದ ಎರಡು ಉಕ್ಕಿನ ತೋಳುಗಳು ನೀರಿನ ಮೇಲೆ ಚಾಚಿ ಬರುತ್ತವೆ. ತೋಳು ಮುಂದಕ್ಕೆ ಮುಗ್ಗರಿಸದಂತೆ ಹಿಂದಿನ ಇನ್ನೊಂದು ತೋಳು ಅದನ್ನು ದಡಕ್ಕೆ ಬಿಗಿದು ಹಿಡಿದಿರುತ್ತದೆ. ಇಷ್ಟೂ ಭಾರದ ಒತ್ತಡವನ್ನು ತಾಳಬೇಕಾದವು ಕಂಬದ ಬಳಿಯ ಕೆಳಗಣ ತೊಲೆಗಳು. ಅವು ಬಾಗಿದರೆ ಎಲ್ಲವೂ ಹೋಯಿತು.

ಮೊದಲು ನಡುವಣ ಅಂತರ 1600 ಅಡಿ ಎಂದಿತ್ತು. ಕೂಪರರು ಅದನ್ನು 1800 ಅಡಿಗೆ ಏರಿಸಿದರು. ಹಿಮದ ಗಡ್ಡೆಗಳು ತೇಲಿ ಬರುವ ಆಳದ ನೀರಿನಲ್ಲಿ ಕಂಬ ಕಟ್ಟುವ ಕಷ್ಟ ಇದರಿಂದ ತಪ್ಪುತ್ತಿತ್ತು. ಜೊತೆಗೆ ಇನ್ನೊಂದು ಫಲವೂ ಇತ್ತು. ಅಂಥ ಸೇತುವೆಗಳಲ್ಲಿ ಅದುವರೆಗೆ ಎಲ್ಲಕ್ಕೂ ದೊಡ್ಡದಾಗಿದ್ದ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಅಂತರ 1710 ಅಡಿ. ಕ್ವಿಬೆಕ್ಕಿನದು ಅದನ್ನು ಮೀರುತ್ತಿತ್ತು. ಅಂತರ ಹೆಚ್ಚಿದರೆ ಸೇತುವೆಯ ಸ್ವಂತ ತೂಕವೂ ಹೆಚ್ಚುತ್ತದೆ ಎಂಬುದು ಹೇಳಬೇಕಾದ ಮಾತಲ್ಲ. ಆದರೆ ಆ ತೂಕವನ್ನು ಹೊಸದಾಗಿ ಸರಿಯಾಗಿ ಲೆಕ್ಕ ಹಾಕಲಿಲ್ಲ. 1906ರ ಹೊತ್ತಿಗೆ, ಉಕ್ಕು ಬಹಳಷ್ಟು ತಯಾರಾದ ಮೇಲೆ, ತೂಕ ಎಣಿಕೆಗಿಂತ ಹೆಚ್ಚಾಗಿದೆ ಎಂದು ಕೂಪರರಿಗೆ ತಿಳಿಯಿತು. ಅವರು ಯೋಚಿಸಿದರು. ತೊಲೆಗಳ ಮೇಲೆ ಬೀಳುವ ಹೊರೆ ನೂರಕ್ಕೆ ಏಳರಿಂದ ಹತ್ತರಷ್ಟು ಹೆಚ್ಚಬಹುದು, ಅಷ್ಟನ್ನು ತಾಳಿಕೊಳ್ಳುತ್ತದೆ ಎಂದು ತೀರ್ಮಾನಿಸಿದರು. ಕೆಲಸ ಮುಂದುವರಿಯಿತು.

ಈ ತೀರ್ಮಾನವನ್ನು ಇನ್ನೊಬ್ಬರು ಪರಿಶೀಲಿಸುವ ಅವಕಾಶ ಇರಲಿಲ್ಲವೆ? ಇತ್ತು. 1903ರಲ್ಲಿ ಕೆನಡಾ ಸರ್ಕಾರದ ಇಂಜಿನಿಯರೊಬ್ಬರು, ನಕ್ಷೆಗಳನ್ನು ಬೇರೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕೆಂದು ಸೂಚಿಸಿದ್ದರು. ತಮ್ಮ ಮೇಲೆ ಇನ್ನೊಬ್ಬರು ಕುಳಿತುಕೊಳ್ಳುವುದು ಕೂಪರರಿಗೆ ಒಪ್ಪಿಗೆಯಾಗಲಿಲ್ಲ. ಸ್ವತಃ ಒಟ್ಟಾವಾ ನಗರಕ್ಕೆ ಹೋಗಿ ಆಕ್ಷೇಪಣೆ ಹೇಳಿದರು. ಸರ್ಕಾರ ಹಿಂಜರಿಯಿತು, ಕೂಪರರ ಮಾತೇ ಕೊನೆಯ ಮಾತಾಯಿತು. ಹೀಗೆ ಕೊನೆಯ ಮಾತಿನ ಅಧಿಕಾರ ಪಡೆದ ಆ ವೃದ್ಧರು ದೇಹಸ್ಥಿತಿ ಸರಿಯಿಲ್ಲದೆ ನ್ಯೂಯಾರ್ಕ್ ಬಿಟ್ಟು ಕದಲಲಾರದವರಾಗಿದ್ದರು. ನದಿಯ ಮೇಲೆ ಉಕ್ಕು ಏರುತ್ತಿದ್ದಷ್ಟು ಕಾಲವೂ ಅವರು ಒಮ್ಮೆಯಾದರೂ ಅದನ್ನು ಕಣ್ಣಾರೆ ನೋಡಲಿಲ್ಲ. ಸ್ಥಳದಲ್ಲಿ ಅವರ ಕಣ್ಣಾಗಿದ್ದವರು ನಾರ್ಮನ್ ಮೆಕ್‌ಲೂರ್ ಎಂಬ ತರುಣ. ನೋಡಿದ್ದನ್ನು ಬರೆದು ತಿಳಿಸಬಹುದಾಗಿತ್ತೇ ಹೊರತು ಕೆಲಸ ನಿಲ್ಲಿಸುವ ಅಧಿಕಾರ ಆತನಿಗಿರಲಿಲ್ಲ. ಸೇತುವೆ ಕಂಪನಿಯ ಮುಖ್ಯ ಇಂಜಿನಿಯರು ಸ್ಥಳದಲ್ಲಿಯೇ ಇದ್ದರು. ಆದರೆ ಇಂಥ ದೊಡ್ಡ ಸೇತುವೆಯ ಅನುಭವ ಅವರಿಗಿರಲಿಲ್ಲ. ಎಲ್ಲರೂ ಕೂಪರರನ್ನು ನಂಬಿದ್ದರು.

1907ರ ಬೇಸಗೆಯಲ್ಲಿ ಕೆಳಗಣ ತೊಲೆಗಳ ಸಂದುಗಳು ಸರಿಯಾಗಿ ಕೂಡಿಕೊಳ್ಳಲಿಲ್ಲ. ಆಗಸ್ಟ್ ಮೊದಲ ವಾರದಿಂದ ಮೆಕ್‌ಲೂರರ ಕಾಗದಗಳು ನ್ಯೂಯಾರ್ಕಿಗೆ ಹೋದವು. ತೊಲೆ ಬಾಗಿದ್ದು ಹೇಗೆ ಎಂದು ಕೂಪರರು ಕೇಳಿದರು. ಕಾರ್ಖಾನೆಯಿಂದ ಬರುವಾಗಲೇ ಬಾಗಿತ್ತೆಂದು ಕಂಪನಿಯವರು ಹೇಳಿದರು. ಕಾಗದಕ್ಕೆ ಕಾಗದ ಉತ್ತರವಾಯಿತು. ಆಗಸ್ಟ್ 27ರಂದು ಮೆಕ್‌ಲೂರ್ ಮತ್ತೆ ಅಳೆದು ನೋಡಿದಾಗ, ಮುಖ್ಯ ತೊಲೆಗಳಲ್ಲಿ ಒಂದರ ಬಾಗು ಮುಕ್ಕಾಲು ಅಂಗುಲದಿಂದ ಎರಡೂಕಾಲು ಅಂಗುಲಕ್ಕೆ ಏರಿತ್ತು. ಸ್ಥಳದ ಮೇಸ್ತ್ರಿಗಳು ಕೆಲಸ ನಿಲ್ಲಿಸುವ ಯೋಚನೆ ಮಾಡಿ ಮತ್ತೆ ಮುಂದುವರಿಸಿದರು. ತಂತಿ ಕಳಿಸುವುದಕ್ಕಿಂತ ಎದುರಿನಲ್ಲೇ ವಿವರಿಸುವುದು ಲೇಸೆಂದು ಮೆಕ್‌ಲೂರರನ್ನು ರೈಲು ಹತ್ತಿಸಿದರು.

ಮೆಕ್‌ಲೂರ್ 29ರ ಮಧ್ಯಾಹ್ನಕ್ಕೆ ಮೊದಲು ಕೂಪರರ ಕಚೇರಿ ಮುಟ್ಟಿದರು. ಕೂಪರರಿಗೆ ಅಪಾಯ ತಿಳಿಯಿತು. ಸೇತುವೆಯ ಮೇಲೆ ಇನ್ನಷ್ಟು ಭಾರ ಹೇರಬೇಡಿ ಎಂದು ಮಧ್ಯಾಹ್ನ 12 ಗಂಟೆ ದಾಟಿದ ಮೇಲೆ ಅವರು ತಂತಿ ಕೊಟ್ಟರು. ಕೊಟ್ಟದ್ದು ಕ್ವಿಬೆಕ್ಕಿಗಲ್ಲ, ಪೆನ್ಸಿಲ್ವೇನಿಯದ ಕಂಪನಿಯ ಕಚೇರಿಗೆ. ಅಲ್ಲಿಂದಲೇ ಅಪ್ಪಣೆ ಬೇಗ ಹೋಗುತ್ತದೆ ಎಂಬುದು ಅವರ ಎಣಿಕೆ. ಕ್ವಿಬೆಕ್ಕಿಗೆ ತಂತಿ ಕೊಡಬೇಕಾಗಿದ್ದ ಮೆಕ್‌ಲೂರ್, ಪೆನ್ಸಿಲ್ವೇನಿಯದ ರೈಲು ಹಿಡಿಯುವ ಅವಸರದಲ್ಲಿ ಕೊಡಲಿಲ್ಲ. ಸಂಜೆ ಐದರ ಸುಮಾರಿಗೆ ಕಂಪನಿಯ ಅಧಿಕಾರಿಗಳು ಅವರೊಡನೆ ಕುಳಿತು ಮಾತನಾಡಿದರು. ನಾಳೆ ಬೆಳಗ್ಗೆ ತೀರ್ಮಾನ ಮಾಡೋಣ ಎಂದು ಎದ್ದರು.

ಅತ್ತ ಕ್ವಿಬೆಕ್ಕಿನಲ್ಲಿ ದಿನದ ಕೆಲಸ ಮುಗಿಯುತ್ತ ಬಂದಿತ್ತು. ಸಂಜೆ 5 ಗಂಟೆ 37 ನಿಮಿಷಕ್ಕೆ ಆ ತೊಲೆ ಕುಸಿಯಿತು. ಸುಮಾರು 19,000 ಟನ್ನಿನ ಉಕ್ಕು ಹದಿನೈದು ಸೆಕೆಂಡುಗಳಲ್ಲಿ ನದಿಯ ಪಾಲಾಯಿತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ದಡದ ಬಳಿ ಉಕ್ಕಿನ ಅಡಿ ಸಿಕ್ಕಿಕೊಂಡವರು ಕೆಲವರು ಬದುಕಿದ್ದರು. ರಾತ್ರಿ ಭರತದ ನೀರು ಏರಿ ಬಂದಾಗ ಅವರನ್ನು ಬಿಡಿಸಲಾಗಲಿಲ್ಲ. ಸತ್ತವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಕಾನವಾಗೆ ಎಂಬ ಒಂದೇ ಊರಿನ ಮೋಹಾಕ್ ಜನ, ಎತ್ತರದ ಉಕ್ಕಿನ ಕೆಲಸಕ್ಕೆ ಹೆಸರಾದ ಮೂಲನಿವಾಸಿಗಳು. ಒಂದೇ ಸಂಜೆಯಲ್ಲಿ ಆ ಸಣ್ಣ ಊರು ತನ್ನ ಗಂಡಸರಲ್ಲಿ ಎಷ್ಟೋ ಜನರನ್ನು ಕಳೆದುಕೊಂಡಿತು.

ಸರ್ಕಾರ ನೇಮಿಸಿದ ಮೂವರು ಇಂಜಿನಿಯರರ ಆಯೋಗ 1908ರಲ್ಲಿ ವರದಿ ಕೊಟ್ಟಿತು. ಕೆಳಗಣ ತೊಲೆಗಳ ವಿನ್ಯಾಸ ದೋಷದಿಂದ ಸೇತುವೆ ಬಿತ್ತು. ದೋಷ ಕೂಪರರದು ಮತ್ತು ಫೀನಿಕ್ಸ್ ಕಂಪನಿಯ ವಿನ್ಯಾಸಕಾರ ಪೀಟರ್ ಸ್ಲಾಪ್ಕಾ ಅವರದು ಎಂದು ಅದು ನೇರವಾಗಿ ಹೇಳಿತು. ಆದರೆ ಮುಂದಿನ ಮಾತೇ ನನಗೆ ಮುಖ್ಯವಾಗಿ ಕಾಣುತ್ತದೆ. ಈ ತಪ್ಪಿಗೆ ವೃತ್ತಿಯ ಸಾಮಾನ್ಯ ಜ್ಞಾನದ ಕೊರತೆ ಕಾರಣವಲ್ಲ, ಕರ್ತವ್ಯದ ಅಸಡ್ಡೆ ಕಾರಣವಲ್ಲ, ಹಣ ಉಳಿಸುವ ಆಸೆಯೂ ನೇರ ಕಾರಣವಲ್ಲ ಎಂದು ಆಯೋಗ ಅಭಿಪ್ರಾಯಪಟ್ಟಿತು. ಹೊಣೆ ಹೊತ್ತವರು ಇನ್ನಷ್ಟು ವಿವೇಕ ತೋರಿದ್ದರೆ ಜೀವಗಳನ್ನಾದರೂ ಉಳಿಸಬಹುದಾಗಿತ್ತು ಎಂದೂ ಹೇಳಿತು.

ಈಗ ಆ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ವಯೋಮಿಂಗಿನ ಕಾಯಿದೆ ಕ್ವಿಬೆಕ್ಕಿನಲ್ಲಿ ಜಾರಿಯಲ್ಲಿದ್ದರೆ ಸೇತುವೆ ಉಳಿಯುತ್ತಿತ್ತೆ? ಉಳಿಯುತ್ತಿತ್ತೆಂದು ನನಗೆ ತೋರುವುದಿಲ್ಲ. ಪರವಾನಗಿ ಕೊಡುವ ಮಂಡಲಿ ಕೂಪರರ ಹೆಸರು ಕೇಳಿದೊಡನೆ ಎದ್ದು ನಿಂತು ಕೈಮುಗಿಯುತ್ತಿತ್ತು. ಬಲ್ಲವನು ಯಾರು, ಬಲ್ಲವನಂತೆ ನಟಿಸುವವನು ಯಾರು ಎಂದು ಪರವಾನಗಿ ವಿಂಗಡಿಸಬಲ್ಲದು. ಬಲ್ಲವನೇ ತಪ್ಪಿದಾಗ ಏನು ಗತಿ, 'ನಿಲ್ಲಿಸಿ' ಎನ್ನುವವರು ಯಾರು? ಈ ಇನ್ನೊಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮುಂದಿನ ಮೂವತ್ತು ವರ್ಷಗಳು ಬೇಕಾದವು. ಇನ್ನಷ್ಟು ಜೀವಗಳೂ ಬೇಕಾದವು.

ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ನಗರಕ್ಕೆ ನೂರಾರು ಮೈಲಿ ದೂರದಿಂದ ನೀರು ತಂದುಕೊಟ್ಟ ಭಗೀರಥ ವಿಲಿಯಂ ಮುಲ್‌ಹಾಲೆಂಡ್. ಕಾಲುವೆ ಕಾಯುವ ಕೆಲಸದಿಂದ ಆರಂಭಿಸಿ ಸ್ವಂತ ಓದಿನಿಂದ ಮೇಲೆ ಬಂದ ಮಹಾಶಯ. ಅವರು ಕಟ್ಟಿದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟಿನ ಎತ್ತರವನ್ನು ಕಟ್ಟುತ್ತಿದ್ದ ಹಾಗೆಯೇ ಹೆಚ್ಚಿಸಿದ್ದರು. ತಳದ ಅಗಲವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿರಲಿಲ್ಲ. 1928ರ ಮಾರ್ಚ್ 12ರ ಬೆಳಗ್ಗೆ ಹೊಸದಾಗಿ ನೀರು ಒಸರುತ್ತಿದೆ ಎಂದು ಕಾವಲುಗಾರ ಕರೆ ಕಳಿಸಿದ. ಮುಲ್‌ಹಾಲೆಂಡರು ಹೋಗಿ ನೋಡಿದರು, ಭಯವಿಲ್ಲ ಎಂದು ಹೇಳಿ ಹಿಂದಿರುಗಿದರು. ಆ ದಿನ ನಡುರಾತ್ರಿಗೆ ಮೂರು ನಿಮಿಷವಿರುವಾಗ ಅಣೆಕಟ್ಟು ಒಡೆಯಿತು. 400ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ತಪ್ಪಿದ್ದರೆ ಅದು ತನ್ನದೇ ಎಂದು ಆ ಮುದುಕರು ವಿಚಾರಣೆಯಲ್ಲಿ ಒಪ್ಪಿಕೊಂಡರು. ಆ ಒಪ್ಪಿಗೆ ಗೌರವಕ್ಕೆ ಅರ್ಹವಾದದ್ದೇ. ಸತ್ತವರಿಗೆ ಅದರಿಂದ ಆಗುವುದೇನು? ಒಬ್ಬ ವ್ಯಕ್ತಿ ಎಷ್ಟೇ ದೊಡ್ಡವನಾಗಿರಲಿ, ದೊಡ್ಡ ಅಣೆಕಟ್ಟನ್ನು ಅವನೊಬ್ಬನ ನಿರ್ಣಯಕ್ಕೆ ಬಿಡಬಾರದು ಎಂದು ವಿಚಾರಣೆಯ ಪಂಚರು ತೀರ್ಪಿತ್ತರು. 1929ರಲ್ಲಿ ಆ ರಾಜ್ಯ ಎರಡು ಕಾಯಿದೆಗಳನ್ನು ತಂದಿತು: ಒಂದು, ಅಣೆಕಟ್ಟುಗಳ ಸ್ವತಂತ್ರ ಪರಿಶೀಲನೆಗೆ, ಇನ್ನೊಂದು, ಸಿವಿಲ್ ಇಂಜಿನಿಯರರ ಪರವಾನಗಿಗೆ. ಎರಡೂ ಒಟ್ಟಿಗೆ ಬಂದದ್ದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ.

ಟೆಕ್ಸಸ್ ರಾಜ್ಯದ ಕಥೆ ಇನ್ನೂ ಕರುಣಾಜನಕ. 1937ರ ಮಾರ್ಚ್ 18ರಂದು ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ಸೋರಿ ತುಂಬಿದ್ದ ಅನಿಲ ಸ್ಫೋಟಿಸಿ, ಮುನ್ನೂರಕ್ಕೆ ಸಮೀಪದ ಮಕ್ಕಳೂ ಉಪಾಧ್ಯಾಯರೂ ಮಡಿದರು. ಆ ಅನಿಲಕ್ಕೆ ವಾಸನೆಯಿರಲಿಲ್ಲ. ಸೋರಿದ್ದು ಯಾರಿಗೂ ಗೊತ್ತಾಗಲಿಲ್ಲ. ಇಂದು ನಮ್ಮ ಅಡುಗೆಮನೆಯ ಗ್ಯಾಸು ಸೋರಿದರೆ ಮೂಗಿಗೆ ತಿಳಿಯುವಂತೆ ಅದಕ್ಕೆ ವಾಸನೆ ಬೆರೆಸುತ್ತಾರಲ್ಲ, ಆ ಪದ್ಧತಿಯನ್ನು ಕಾಯಿದೆ ಮಾಡಲು ಆ ರಾಜ್ಯಕ್ಕೆ ಪ್ರೇರಣೆಯಾದದ್ದು ಇದೇ ದುರಂತ. ಅದೇ ವರ್ಷ ಅಲ್ಲಿ ಇಂಜಿನಿಯರರ ಪರವಾನಗಿಯೂ ಕಾನೂನಾಯಿತು. 1950ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾಯಿದೆ ಬಂದಿತ್ತು. ಕೆನಡಾದ ಹಲವು ಪ್ರಾಂತಗಳು 1920ರಲ್ಲಿಯೇ ಇದನ್ನು ಮಾಡಿದ್ದವು.

ಆ ದೇಶಗಳಲ್ಲಿ ಪರವಾನಗಿ ಎಂದರೆ ಏನು? ಪದವಿ ಮುಗಿಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಪದವಿಯ ಮೇಲೆ ಕೆಲವು ವರ್ಷ ಹಿರಿಯರ ಕೈಕೆಳಗೆ ಕೆಲಸ ಮಾಡಿರಬೇಕು. ಪರೀಕ್ಷೆಗಳಲ್ಲಿ ಉತ್ತೀರ್ಣನಾಗಬೇಕು. ಕೆನಡಾದಲ್ಲಿ ಕಾನೂನು ಮತ್ತು ವೃತ್ತಿಧರ್ಮದ ಮೇಲೆಯೇ ಒಂದು ಪರೀಕ್ಷೆಯುಂಟು. ಆಮೇಲೆ ಅವನ ಹೆಸರಿನ ಮುದ್ರೆ ಅವನ ಕೈಗೆ ಬರುತ್ತದೆ. ಆ ಮುದ್ರೆಯನ್ನು ನಕ್ಷೆಯ ಮೇಲೆ ಒತ್ತಿದನೆಂದರೆ, ಈ ಕೆಲಸ ನಾನೇ ಮಾಡಿದ್ದು, ಇಲ್ಲವೆ ನನ್ನ ಮೇಲ್ವಿಚಾರಣೆಯಲ್ಲಿ ಆದದ್ದು ಎಂದು ಹೇಳಿದಂತೆ. ಓದದೆ ಮುದ್ರೆ ಒತ್ತಿದರೆ ಅದನ್ನು ಕಿತ್ತುಕೊಳ್ಳಬಹುದು. ವೃತ್ತಿಯ ನೀತಿಸಂಹಿತೆಯ ಮೊದಲ ನಿಯಮವೂ ಇದಕ್ಕೆ ತಕ್ಕಂತಿದೆ: ಸಂಬಳ ಕೊಡುವ ಧಣಿಗಿಂತ ಸಾರ್ವಜನಿಕರ ಕ್ಷೇಮ ಮೇಲು. ಮುದ್ರೆಯಿರುವವನು 'ನಿಲ್ಲಿಸಿ' ಎಂದರೆ ಅವನ ಬೆನ್ನಿಗೆ ಕಾನೂನಿದೆ. ಮೆಕ್‌ಲೂರರಿಗೆ ಇಲ್ಲದಿದ್ದುದು ಇದೇ.

ಕೆನಡಾದವರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಕ್ವಿಬೆಕ್ಕಿನಲ್ಲಿ ಎರಡನೆಯ ಬಾರಿ ಕಟ್ಟಿದ, ಮೊದಲಿನದಕ್ಕಿಂತ ಬಹಳ ಭಾರವಾದ ಸೇತುವೆಯ ನಡುಭಾಗ 1916ರ ಸೆಪ್ಟೆಂಬರ್ 11ರಂದು ಮೇಲೆತ್ತುವಾಗ ಜಾರಿ ಬಿದ್ದು ಇನ್ನೂ 13 ಜನ ಸತ್ತಿದ್ದರು. 1917ರಲ್ಲಿ ಕೆಲಸ ಮುಗಿಯಿತು. 1919ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಯುವರಾಜನಿಂದ ಅದರ ವಿಧ್ಯುಕ್ತ ಆರಂಭವಾಯಿತು. ಅದಾದ ಎರಡು ದಿನಕ್ಕೆ ಕೂಪರರು ತೀರಿಕೊಂಡರು. ಮೂರು ವರ್ಷಗಳ ಮೇಲೆ, 1922ರಲ್ಲಿ, ಟೊರಾಂಟೊ ವಿಶ್ವವಿದ್ಯಾನಿಲಯದ ಹೊಲ್ಟೇನ್ ಎಂಬ ಪ್ರಾಧ್ಯಾಪಕರು ತಮ್ಮ ವೃತ್ತಿಬಾಂಧವರ ಮುಂದೆ ಒಂದು ಸಲಹೆ ಇಟ್ಟರು. ಹೊಸದಾಗಿ ಪದವಿ ಪಡೆದ ಇಂಜಿನಿಯರರು ವೃತ್ತಿಗೆ ಕಾಲಿಡುವ ಮೊದಲು ಒಂದು ಪ್ರತಿಜ್ಞೆ ಮಾಡಬೇಕು ಎಂದು. ಅದನ್ನು ಬರೆದುಕೊಟ್ಟವರು ನಮ್ಮ ಮುಂಬಯಿಯಲ್ಲಿ ಹುಟ್ಟಿದ ಕವಿ ರಡ್ಯರ್ಡ್ ಕಿಪ್ಲಿಂಗ್. 1925ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಮೊದಲ ವಿಧಿ ನಡೆಯಿತು. ಪ್ರತಿಜ್ಞೆ ಮಾಡಿದವನ ಕಿರುಬೆರಳಿಗೆ, ಬರೆಯುವ ಕೈಯ ಕಿರುಬೆರಳಿಗೇ, ಒಂದು ಒರಟು ಕಬ್ಬಿಣದ ಉಂಗುರ ತೊಡಿಸುತ್ತಾರೆ. ನಕ್ಷೆ ಬರೆಯುವಾಗ, ಸಹಿ ಹಾಕುವಾಗ, ಅದು ಕಾಗದಕ್ಕೆ ತಾಗುತ್ತದೆ. ಬಿದ್ದ ಸೇತುವೆಯ ಕಬ್ಬಿಣದಿಂದ ಆ ಉಂಗುರಗಳನ್ನು ಮಾಡಿದರೆಂಬ ಕಥೆ ಅಲ್ಲಿ ಬಹಳ ಪ್ರಚಾರದಲ್ಲಿದೆ, ಅದು ನಿಜವಲ್ಲ. ನಿಜವಲ್ಲದಿದ್ದರೂ ಜನ ಅದನ್ನು ಬಿಟ್ಟುಕೊಟ್ಟಿಲ್ಲ ಎಂಬುದರಲ್ಲಿ ಒಂದು ಅರ್ಥವಿದೆ.

ಈ ಉಂಗುರದ ಸಂಗತಿಯನ್ನು ಓದಿದಾಗ ನನಗೆ ಹೊಯ್ಸಳರ ಕಾಲದ ಗರುಡರು ನೆನಪಾದರು. ಒಡೆಯನೊಡನೆ ಬಾಳಿ ಒಡೆಯನೊಡನೆ ಸಾಯುತ್ತೇವೆಂದು ಭಾಷೆ ಕೊಟ್ಟ ವೀರರು ಅವರು. ಕೊಟ್ಟ ಭಾಷೆಯ ಗುರುತಾಗಿ ಕಾಲಿಗೆ ತೊಡರು ತೊಡುತ್ತಿದ್ದರು. ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ತೆತ್ತ ಕುವರಲಕ್ಷ್ಮನ ಶಾಸನ ಹಳೇಬೀಡಿನಲ್ಲಿದೆ. ಮೈಮೇಲೆ ತೊಟ್ಟ ಲೋಹ, ಮನಸ್ಸಿನಲ್ಲಿ ಕೊಟ್ಟ ಮಾತು ಎರಡನ್ನೂ ಸೇರಿಸುವ ಬುದ್ಧಿ ಎಲ್ಲ ಕಾಲದ ಜನಕ್ಕೂ ಹೊಳೆದಿದೆ. ಗರುಡನ ಭಾಷೆ ತಾನು ಕಣ್ಣಾರೆ ಕಂಡ, ಅನ್ನ ಕೊಟ್ಟ ಒಡೆಯನಿಗೆ. ಇಂಜಿನಿಯರನ ಭಾಷೆಯಾದರೋ ತಾನು ಎಂದೂ ಕಾಣದವರಿಗೆ. ನಾಳೆ ಮಗುವನ್ನು ಎತ್ತಿಕೊಂಡು ಆ ಸೇತುವೆಯ ಮೇಲೆ ನಡೆಯುವ ತಾಯಿಗೆ, ಅವನ ಹೆಸರನ್ನೂ ಕೇಳದವಳಿಗೆ. ಇದು ಗರುಡನ ಭಾಷೆಗಿಂತ ಕಠಿಣವೆಂದು ನಾನು ಭಾವಿಸುತ್ತೇನೆ.

ನಮ್ಮ ದೇಶದಲ್ಲಿ ಈ ವಿಚಾರ ಎಲ್ಲಿಗೆ ಬಂದಿದೆ? ಲೆಕ್ಕಪರಿಶೋಧಕರಿಗೆ 1949ರಲ್ಲಿ, ವಕೀಲರಿಗೆ 1961ರಲ್ಲಿ, ವಾಸ್ತುಶಿಲ್ಪಿಗಳಿಗೆ 1972ರಲ್ಲಿ ಕಾಯಿದೆಗಳಾದವು. ವೈದ್ಯರ ನೋಂದಣಿ ಇವೆಲ್ಲಕ್ಕೂ ಹಳೆಯದು. 1920ರಲ್ಲಿ ಸ್ಥಾಪನೆಯಾದ ಇಂಜಿನಿಯರರ ಸಂಸ್ಥೆಗೆ 1935ರಲ್ಲಿ ರಾಜಸನ್ನದು ದೊರೆಯಿತು. ಅದು ತನ್ನ ಅರ್ಹ ಸದಸ್ಯರಿಗೆ ಗೌರವದ ಬಿರುದು ಕೊಡುತ್ತದೆ. ನಗರಸಭೆಗಳು ಕಟ್ಟಡದ ನಕ್ಷೆಗೆ ಸಹಿ ಹಾಕುವವರನ್ನು ತಮ್ಮ ತಮ್ಮ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳುತ್ತವೆ. ಆದರೆ ಎಲ್ಲ ಇಂಜಿನಿಯರರಿಗೂ ಅನ್ವಯಿಸುವ, ತಪ್ಪಿದವರ ಅಧಿಕಾರವನ್ನು ಹಿಂದಕ್ಕೆ ಪಡೆಯಬಲ್ಲ ಅಖಿಲ ಭಾರತ ಕಾಯಿದೆಗೆ ಕರಡುಗಳು ಒಂದಕ್ಕಿಂತ ಹೆಚ್ಚು ಬಾರಿ ಸಿದ್ಧವಾದರೂ ಕೆಲಸ ಮುಂದೆ ಸಾಗಿದ್ದು ನಿಧಾನವಾಗಿ.

ಕನ್ನಡ ನಾಡಿಗೆ ಈ ವಿಷಯದಲ್ಲಿ ಹೆಮ್ಮೆಯೂ ಉಂಟು, ಗಾಯವೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ದೇಶವೇ ಸೆಪ್ಟೆಂಬರ್ 15ನ್ನು ಇಂಜಿನಿಯರರ ದಿನವೆಂದು ಆಚರಿಸುತ್ತದೆ. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಅದೇ ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರ್ 12ರಂದು, ಆ ದಿನಾಚರಣೆಗೆ ಮೂರು ದಿನ ಮುಂಚೆ, ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಇನ್ನೊಂದು ಕಟ್ಟಡ ಬಿದ್ದು 19 ಜನ ಮಡಿದರು. ಪ್ರತಿಸಲವೂ ನಾವು ಕೇಳುವುದು ಒಂದೇ: ಇದಕ್ಕೆ ಹೊಣೆ ಯಾರು? ಕೇಳುವುದು ಮಾತ್ರ ಬಿದ್ದ ಮೇಲೆ.

ವಿಶ್ವೇಶ್ವರಯ್ಯನವರಂಥವರು ನಾಡಿನ ಪುಣ್ಯದಿಂದ ಸಿಗುತ್ತಾರೆ. ಅವರ ಪಟಕ್ಕೆ ಹಾರ ಹಾಕುವುದು ಸರಿಯೇ. ಆದರೆ ಪ್ರತಿಯೊಂದು ಕಟ್ಟಡದ ಅಡಿಪಾಯವನ್ನೂ ಪುಣ್ಯದ ಮೇಲೆ ಹಾಕಲಾಗದು. ಬಲ್ಲವರನ್ನು ಆರಿಸಲು ಪರೀಕ್ಷೆ ಬೇಕು. ಬಲ್ಲವರನ್ನೂ ಪ್ರಶ್ನಿಸಲು ಇನ್ನೊಂದು ಕಣ್ಣು ಬೇಕು. 'ನಿಲ್ಲಿಸಿ' ಎಂದ ಕಿರಿಯನ ಕೆಲಸ ಹೋಗದಂತೆ ಕಾಯುವ ಕಾಯಿದೆ ಬೇಕು. ಇವೆಲ್ಲ ಇದ್ದೂ, ಯಾರೂ ನೋಡದಿರುವಾಗ ಕಿರುಬೆರಳಿಗೆ ತಾಗುವ ಒಂದು ಮಾತು ಬೇಕು. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಬದಲಾಗಲಾರದು ಎಂಬುದೇ ಕ್ವಿಬೆಕ್ಕಿನ ಪಾಠವೆಂದು ನನ್ನ ತಿಳಿವಳಿಕೆ.

ಮನೆ ಕಟ್ಟಿಸುವ ಮಧ್ಯಮ ವರ್ಗದವರಾದ ನಾವೂ ಇದರಿಂದ ಹೊರಗಿಲ್ಲ. ಇನ್ನೊಂದು ಮಹಡಿ ಏರಿಸೋಣ, ಒಂದಿಷ್ಟು ಕಬ್ಬಿಣ ಉಳಿಸೋಣ ಎಂದು ಇಂಜಿನಿಯರನ್ನು ಒತ್ತಾಯಿಸುವವರು ನಾವೇ. ಅವನು ಆಗದು ಎಂದರೆ ಆಗುತ್ತದೆ ಎನ್ನುವ ಇನ್ನೊಬ್ಬನನ್ನು ಹುಡುಕುವವರೂ ನಾವೇ. ಮುಂದೆ ಎಂದಾದರೂ ನಮ್ಮ ಇಂಜಿನಿಯರು ನಕ್ಷೆಯನ್ನು ಹಿಂದಕ್ಕೆ ತಳ್ಳಿ ಇದಕ್ಕೆ ನಾನು ಸಹಿ ಹಾಕಲಾರೆ ಎಂದರೆ, ಸಿಟ್ಟಾಗದೆ ಅವನ ಫೀಸು ಕೊಟ್ಟು ಬರೋಣ. ನಾವು ಕೊಡಬೇಕಾದ ಹಣಕ್ಕೆ ಅವನು ಆಗಲೇ ಕೆಲಸ ಮಾಡಿ ಮುಗಿಸಿರುತ್ತಾನೆ.